ಕಡ್ಡಾಯ ಸೇನಾ ಭರ್ತಿ: ವೈದ್ಯಕೀಯ ತಪಾಸಣೆ ಮತ್ತು ವರ್ಗೀಕರಣ (ಬ್ರಿಟನ್, 1916–1918)

ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ತನ್ನ ಗಂಡಸರನ್ನು ಕಡ್ಡಾಯವಾಗಿ ಸೇನೆಗೆ ಕರೆದಾಗ, ಯಾರನ್ನು ಯಾವ ಕೆಲಸಕ್ಕೆ ಹಾಕಬೇಕೆಂದು ತೀರ್ಮಾನಿಸಲು ರೂಪಿಸಿದ ವ್ಯವಸ್ಥೆ. ಸೈನಿಕರನ್ನು ಆರಿಸಲು ಹೊರಟ ಸರ್ಕಾರಕ್ಕೆ ಇದರಿಂದ ಗಿರಣಿ, ಗಣಿಗಳಲ್ಲಿ ದುಡಿಯುವವರ ಬಡತನದ ಪರಿಚಯವೂ ಆಯಿತು.

ಬೋಯರ್ ಯುದ್ಧದ (1899–1902) ಹೊತ್ತಿಗೇ ಕೈಗಾರಿಕಾ ನಗರಗಳ ಸ್ವಯಂಸೇವಕರಲ್ಲಿ ಬಹಳ ಮಂದಿ ಅನರ್ಹರೆನಿಸಿಕೊಂಡಿದ್ದರು. ಆ ಆತಂಕದ ಫಲವಾಗಿ 1904ರಲ್ಲಿ ವಿಚಾರಣಾ ಸಮಿತಿಯ ವರದಿ, 1906ರಲ್ಲಿ ಶಾಲಾ ಊಟದ ಕಾಯ್ದೆ, 1907ರಲ್ಲಿ ಶಾಲಾಮಕ್ಕಳ ಆರೋಗ್ಯ ತಪಾಸಣೆಗೆ ಕಾನೂನು ಬಂದವು. ಆದರೂ 1914ರ ಭರ್ತಿಯ ನೂಕುನುಗ್ಗಲಿನಲ್ಲಿ ತಪಾಸಣೆ ಎಷ್ಟೋ ಕಡೆ ನೆಪಮಾತ್ರವಾಯಿತು.

1916ರ ಜನವರಿಯ ಸೈನಿಕ ಸೇವಾ ಕಾಯ್ದೆ ಮೊದಲು 18ರಿಂದ 41 ವರ್ಷದೊಳಗಿನ ಅವಿವಾಹಿತರಿಗೆ, ಮೇ ತಿಂಗಳಲ್ಲಿ ವಿವಾಹಿತರಿಗೂ ಅನ್ವಯವಾಯಿತು. ಕರೆಬಂದವರನ್ನು ತಪಾಸಣೆಯ ಮೇಲೆ ವರ್ಗಗಳಾಗಿ ವಿಂಗಡಿಸುತ್ತಿದ್ದರು: 'ಎ' ವರ್ಗದವರು ರಣರಂಗಕ್ಕೆ, 'ಬಿ' ವರ್ಗದವರು ಹೊರದೇಶದಲ್ಲಿ ಕಾವಲು, ಕೂಲಿ, ಗುಮಾಸ್ತಿಕೆಯಂಥ ಕೆಲಸಕ್ಕೆ, 'ಸಿ' ವರ್ಗದವರು ಸ್ವದೇಶದ ಸೇವೆಗೆ ಮಾತ್ರ. ಕೂತು ಮಾಡುವ ಕೆಲಸಕ್ಕಷ್ಟೇ ತಕ್ಕವರು 'ಸಿ-3'.

1917ರಲ್ಲಿ ಬಂದ ಮರುಪರಿಶೀಲನಾ ಕಾಯ್ದೆ ಹಿಂದೆ ತಿರಸ್ಕೃತರಾದವರನ್ನೂ, ಗಾಯಗೊಂಡು ಸೇನೆಯಿಂದ ಬಿಡುಗಡೆಯಾದವರನ್ನೂ ಮತ್ತೆ ಪರೀಕ್ಷೆಗೆ ಕರೆಯಿತು. ಒಮ್ಮೆ ದೇಹ ತೆತ್ತು ಬಂದವರನ್ನು ಹೀಗೆ ನಡೆಸಿಕೊಂಡದ್ದು ಅನ್ಯಾಯವೇ ಸರಿ, ಜನರೂ ಸುಮ್ಮನಿರಲಿಲ್ಲ. ಸಂಸದೀಯ ಸಮಿತಿಯ ವಿಚಾರಣೆ ನಡೆದು, ವರ್ಷದ ಕೊನೆಗೆ ತಪಾಸಣೆ ಸೇನೆಯ ಕೈತಪ್ಪಿ ರಾಷ್ಟ್ರೀಯ ಸೇವಾ ಸಚಿವಾಲಯಕ್ಕೆ ಹೋಯಿತು. ಆಗಿನ ಸಚಿವ ಆಕ್ಲಂಡ್ ಗೆಡ್ಡೆಸ್ ಸ್ವತಃ ವೈದ್ಯರು.

ಸಚಿವಾಲಯದ ಹೊಸ ತಪಾಸಣಾ ಮಂಡಳಿಗಳಲ್ಲಿ ನಾಗರಿಕ ವೈದ್ಯರು ಕೂತರು. ಬಟ್ಟೆ ಬಿಚ್ಚಿ ನಿಂತವನು ಒಬ್ಬ ವೈದ್ಯನಿಂದ ಇನ್ನೊಬ್ಬನ ಬಳಿಗೆ ಸಾಗುತ್ತಿದ್ದ: ಎತ್ತರ, ತೂಕ, ಎದೆಯ ಸುತ್ತಳತೆ, ಕೈಕಾಲು, ಕಣ್ಣು, ಕಿವಿ, ಹಲ್ಲು, ಹೃದಯ, ಶ್ವಾಸಕೋಶ. ಕೊನೆಗೆ ಅಧ್ಯಕ್ಷರು, ಹಳೆಯ ಎ, ಬಿ, ಸಿ ವರ್ಗಗಳ ಬದಲು, ನಾಲ್ಕು ದರ್ಜೆಗಳಲ್ಲಿ ಒಂದನ್ನು ನೀಡುತ್ತಿದ್ದರು.

ಒಂದು ವರ್ಷದಲ್ಲಿ ಸುಮಾರು 24 ಲಕ್ಷ ಪರೀಕ್ಷೆಗಳಾದವು. ಮೊದಲ ದರ್ಜೆ ಸಿಕ್ಕಿದ್ದು ಶೇ. 36ರಷ್ಟು ಮಂದಿಗೆ, ಶೇ. 10ರಷ್ಟು ಜನ ಯಾವ ಸೇವೆಗೂ ಒದಗದವರು. ಗಟ್ಟಿಮುಟ್ಟಾದ ಎಷ್ಟೋ ಮಂದಿ ಅಷ್ಟರಲ್ಲೇ ಸೇನೆ ಸೇರಿದ್ದರಿಂದ, ಈ ಅಂಕಿಗಳನ್ನು ಇಡೀ ದೇಶಕ್ಕೆ ಹೊಂದಿಸಲಾಗದು. ಆದರೂ 1918ರ ಸೆಪ್ಟೆಂಬರಿನಲ್ಲಿ ಪ್ರಧಾನಿ ಲಾಯ್ಡ್ ಜಾರ್ಜ್, ಹಳೆಯ ವರ್ಗಗಳ ಭಾಷೆಯಲ್ಲೇ, ಸಿ-3 ಪ್ರಜೆಗಳಿಂದ ಎ-1 ಸಾಮ್ರಾಜ್ಯ ನಡೆಯದೆಂದು ಮ್ಯಾಂಚೆಸ್ಟರಿನಲ್ಲಿ ಸಾರಿದರು. 1919ರಲ್ಲಿ ಆರೋಗ್ಯ ಸಚಿವಾಲಯ ಸ್ಥಾಪನೆಯಾಯಿತು.

ಎರಡನೆಯ ಮಹಾಯುದ್ಧದಲ್ಲಿ ಕೆನಡಾ, ಒಟ್ಟು ದರ್ಜೆಯ ಬದಲು ಅಂಗಾಂಗಗಳಿಗೂ ಮನಸ್ಸಿಗೂ ಪ್ರತ್ಯೇಕ ಅಂಕ ಕೊಡುವ 'ಪಲ್ಹೀಮ್ಸ್' ಪದ್ಧತಿ ತಂದಿತು. ಬ್ರಿಟನ್ ಅದನ್ನು ಆಮೇಲೆ ಅಳವಡಿಸಿಕೊಂಡಿತು. ಕಡ್ಡಾಯ ಭರ್ತಿಯಿಲ್ಲದ ಭಾರತೀಯ ಸೇನೆಯ 'ಶೇಪ್' ವರ್ಗೀಕರಣವೂ ಇದೇ ಬಗೆಯದು: ಮನಸ್ಸು, ಶ್ರವಣ, ಕೈಕಾಲು, ದೈಹಿಕ ಸಾಮರ್ಥ್ಯ, ದೃಷ್ಟಿ ಪ್ರತಿಯೊಂದಕ್ಕೂ ಬೇರೆ ಬೇರೆ ಅಂಕ.