ಜೀವವಿಜ್ಞಾನದ ಪ್ರಯೋಗದಲ್ಲಿ ‘ಒಂದು’ ಎಂದರೆ ಯಾವುದು?

ರಾಗಿ ಸಸಿಗಳ ಮೇಲೆ ಉಷ್ಣತೆಯ ಪರಿಣಾಮ ತಿಳಿಯಲು ಒಬ್ಬ ಸಂಶೋಧಕಿ 28 ಡಿಗ್ರಿಯ ಒಂದು ಬೆಳವಣಿಗೆ ಕೋಣೆಯಲ್ಲಿ 30 ಕುಂಡ, 35 ಡಿಗ್ರಿಯ ಇನ್ನೊಂದರಲ್ಲಿ 30 ಕುಂಡ ಇಟ್ಟಿದ್ದಾಳೆ ಎಂದುಕೊಳ್ಳೋಣ. ಮೂರು ವಾರದ ಮೇಲೆ ಬೇರುಗಳ ಉದ್ದ ಅಳೆದು, ಪ್ರಬಂಧದಲ್ಲಿ ‘ಮಾದರಿ ಗಾತ್ರ 30’ ಎಂದು ಬರೆಯುತ್ತಾಳೆ. ನನ್ನ ವಾದ ಇಷ್ಟೇ: ಆ ಸಂಖ್ಯೆ 30 ಅಲ್ಲ, 1.

ಅವಳು ಉಷ್ಣತೆ ಕೊಟ್ಟದ್ದು ಕೋಣೆಗೆ. ಕುಂಡಗಳು ಅದರೊಳಗೆ ಕೂತಿದ್ದವು, ಅಷ್ಟೆ. ಎರಡನೆಯ ಕೋಣೆಯ ದೀಪ ಮಂಕಾಗಿದ್ದರೆ, ಫ್ಯಾನಿನ ಗಾಳಿ ಜೋರಾಗಿದ್ದರೆ, ಮೂಲೆಯಲ್ಲಿ ಬೂಸ್ಟು ಹಿಡಿದಿದ್ದರೆ ಮೂವತ್ತೂ ಸಸಿಗಳು ಅದನ್ನು ಒಟ್ಟಿಗೇ ಉಣ್ಣುತ್ತವೆ. ಕೊನೆಗೆ ಕಂಡ ವ್ಯತ್ಯಾಸ ಉಷ್ಣತೆಯದೋ ಕೋಣೆಯದೋ ಎಂದು ಬೇರ್ಪಡಿಸುವ ದಾರಿಯೇ ಇರುವುದಿಲ್ಲ. ಕುಂಡಗಳನ್ನು ಮುನ್ನೂರಕ್ಕೆ ಏರಿಸಿದರೂ ಇಲ್ಲ. ಕೋಣೆಗಳನ್ನು ಹೆಚ್ಚಿಸಬೇಕು; ಅದಾಗದಿದ್ದರೆ ಉಷ್ಣತೆಗಳನ್ನು ಅದಲುಬದಲು ಮಾಡಿ ಇಡೀ ಪ್ರಯೋಗವನ್ನು ಮತ್ತೆ ಮತ್ತೆ ನಡೆಸಬೇಕು. ಉಪಚಾರವನ್ನು ಯಾವುದಕ್ಕೆ ಸ್ವತಂತ್ರವಾಗಿ ಕೊಡಲಾಯಿತೋ ಅದೇ ಪ್ರಾಯೋಗಿಕ ಘಟಕ. ಎಣಿಸಬೇಕಾದದ್ದು ಅದನ್ನೇ.

ಈ ತಪ್ಪಿಗೆ ‘ಹುಸಿ ಪುನರಾವರ್ತನೆ’ ಎಂಬ ಹೆಸರು ಕೊಟ್ಟವರು ಪರಿಸರ ವಿಜ್ಞಾನಿ ಸ್ಟುವರ್ಟ್ ಹರ್ಲ್ಬರ್ಟ್. 1984ರಲ್ಲಿ ಅವರು 176 ಪ್ರಾಯೋಗಿಕ ಅಧ್ಯಯನಗಳನ್ನು ಜಾಲಾಡಿದಾಗ ಶೇ. 27ರಲ್ಲಿ ಇದು ಕಂಡಿತು. ಸಂಖ್ಯಾಶಾಸ್ತ್ರದ ಪರೀಕ್ಷೆಗಳನ್ನು ಬಳಸಿದ ಅಧ್ಯಯನಗಳನ್ನಷ್ಟೇ ತೆಗೆದುಕೊಂಡರೆ ಶೇ. 48ರಲ್ಲಿ. ಪ್ರಯೋಗಾಲಯದೊಳಗೆ ಅದು ಇನ್ನಷ್ಟು ಸುಲಭವಾಗಿ ನುಸುಳುತ್ತದೆ. ಒಂದು ಗುಂಪಿನಲ್ಲಿ 4 ಇಲಿ, ಪ್ರತಿ ಇಲಿಯಿಂದ 50 ನರಕೋಶ, ಒಟ್ಟು 200 ಅಳತೆಗಳು ಎನ್ನಿ. ಒಂದೇ ಇಲಿಯ ಕೋಶಗಳು ಒಂದನ್ನೊಂದು ಹೋಲುತ್ತವೆ. ಆ ಹೋಲಿಕೆಯ ಗುಣಾಂಕ 0.5 ಎಂದಾದರೆ, 49ನ್ನು 0.5ರಿಂದ ಗುಣಿಸಿ 1 ಕೂಡಿಸಿದಾಗ 25.5 ಬರುತ್ತದೆ, 200ನ್ನು ಅದರಿಂದ ಭಾಗಿಸಿದರೆ ಉಳಿಯುವುದು ಸುಮಾರು 8. ಇನ್ನೂರು ಕೋಶಗಳನ್ನು ಅಳೆದ ಶ್ರಮಕ್ಕೆ ದಕ್ಕಿದ್ದು ಎಂಟು ಸ್ವತಂತ್ರ ಅಳತೆಗಳಷ್ಟು ಮಾಹಿತಿ. ಐದನೆಯ ಇಲಿಯೊಂದು ಇದ್ದಿದ್ದರೆ ಐವತ್ತೊಂದನೆಯ ಕೋಶಕ್ಕಿಂತ ಎಷ್ಟೋ ಹೆಚ್ಚು ಉಪಯೋಗವಾಗುತ್ತಿತ್ತು.

ಘಟಕ ಸರಿಯಾಗಿದ್ದರೂ ಅದನ್ನು ಎಲ್ಲಿಡುತ್ತೇವೆ ಎಂಬುದು ಉಳಿಯುತ್ತದೆ. ಕೋಶಗಳನ್ನು ಬೆಳೆಸುವ 96 ಕುಳಿಗಳ ತಟ್ಟೆಯಲ್ಲಿ 36 ಕುಳಿಗಳು ಅಂಚಿನವು. ಇನ್‌ಕ್ಯುಬೇಟರಿನ ಬಿಸಿಗೆ ಅಂಚಿನ ದ್ರವ ಬೇಗ ಆರಿ ಲವಣಾಂಶ ಏರುತ್ತದೆ. ಮೊದಲ ಸಾಲಿಗೆಲ್ಲ ನಿಯಂತ್ರಣ, ನಡುವಿನ ಸಾಲುಗಳಿಗೆ ಔಷಧ ಎಂದು ಅಚ್ಚುಕಟ್ಟಾಗಿ ಜೋಡಿಸಿದರೆ ಔಷಧದ ಗುಣಕ್ಕೆ ತಟ್ಟೆಯ ಗುಣವೂ ಸೇರಿಕೊಳ್ಳುತ್ತದೆ. ಒಂದೇ ಹೊಲದ ದಿಬ್ಬದ ಮಣ್ಣು ಬೇರೆ, ತಗ್ಗಿನ ಮಣ್ಣು ಬೇರೆ ಎಂದು ರೈತರಿಗೆ ಗೊತ್ತೇ ಇದೆ. 1919ರಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರ ಸೇರಿದ ರೊನಾಲ್ಡ್ ಫಿಷರ್, ಹೊಲವನ್ನು ಪಟ್ಟಿಗಳಾಗಿ ವಿಂಗಡಿಸಿ, ಪ್ರತಿ ಪಟ್ಟಿಯೊಳಗೆ ಯಾವ ತಾಕಿಗೆ ಯಾವ ಉಪಚಾರ ಎಂಬುದನ್ನು ಯಾದೃಚ್ಛಿಕವಾಗಿ ಗೊತ್ತುಮಾಡುವ ಕ್ರಮವನ್ನು ಕಟ್ಟಿದ್ದು ಇದಕ್ಕಾಗಿಯೇ. 1938ರಲ್ಲಿ ಕಲ್ಕತ್ತದ ಸಂಖ್ಯಾಶಾಸ್ತ್ರ ಸಮ್ಮೇಳನದಲ್ಲಿ ಮಾತಾಡುತ್ತ, ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನ ಬಳಿ ಹೋಗುವುದನ್ನು ಅವರು ಮರಣೋತ್ತರ ಪರೀಕ್ಷೆಗೆ ಹೋಲಿಸಿದರು. ಆ ಎಚ್ಚರಿಕೆ ನಮ್ಮ ನೆಲದಲ್ಲೇ ಕೊಟ್ಟದ್ದು.

ಹಾಗಾದರೆ ಎಲ್ಲವನ್ನೂ ಬಿಗಿಯಾಗಿ ಏಕರೂಪಗೊಳಿಸಿದರೆ ಸಾಕೇ? 1999ರಲ್ಲಿ ಜಾನ್ ಕ್ರ್ಯಾಬ್ ಮತ್ತು ಸಂಗಡಿಗರು ಆಲ್ಬನಿ, ಪೋರ್ಟ್‌ಲ್ಯಾಂಡ್, ಎಡ್ಮಂಟನ್‌ಗಳ ಮೂರು ಪ್ರಯೋಗಾಲಯಗಳಲ್ಲಿ ಅವೇ ತಳಿಗಳ ಇಲಿಗಳನ್ನು, ಅದೇ ವಯಸ್ಸಿನಲ್ಲಿ, ಅದೇ ಉಪಕರಣಗಳಿಂದ, ಅದೇ ಹೊತ್ತಿಗೆ ಪರೀಕ್ಷಿಸಿದರು. ಮದ್ಯದ ಒಲವಿನಂಥ, ತಳಿಗಳ ನಡುವಿನ ದೊಡ್ಡ ವ್ಯತ್ಯಾಸಗಳು ಮೂರೂ ಕಡೆ ಕಂಡವು. ಆತಂಕವನ್ನು ಅಳೆಯುವ ಎತ್ತರದ ಜಟಿಲಪಥದಲ್ಲಿ ಮಾತ್ರ ಎಡ್ಮಂಟನ್ನಿನ ಇಲಿಗಳು ಗೋಡೆಯಿಲ್ಲದ ತೋಳುಗಳಲ್ಲಿ ಹೆಚ್ಚು ಹೊತ್ತು ಓಡಾಡಿದವು. ಅಲ್ಲಿನ ಪರೀಕ್ಷಕರಿಗೆ ಇಲಿಗಳ ಅಲರ್ಜಿಯಿದ್ದು, ಅವರು ಉಸಿರಾಟದ ಮುಖವಾಡ ತೊಟ್ಟು ಕೆಲಸ ಮಾಡಿದ್ದರು. ಕಾರಣ ಅದೇ ಎಂದು ಹೇಳಲಾಗದು; ಆದರೆ ಯಾವ ವಿಧಾನ ಪಟ್ಟಿಯಲ್ಲಿ ಮುಖವಾಡಕ್ಕೊಂದು ಸಾಲು ಇರುತ್ತದೆ?

ಹಾನೊ ವುರ್ಬೆಲ್ ಮತ್ತವರ ಸಹೋದ್ಯೋಗಿಗಳು 2010ರಲ್ಲಿ ಇದರ ಮಗ್ಗುಲು ಬದಲಿಸಿದರು. ಇಲಿಗಳ ವಯಸ್ಸನ್ನೂ ಪಂಜರದ ಸಜ್ಜಿಕೆಯನ್ನೂ ಬೇಕೆಂದೇ, ಯೋಜಿತವಾಗಿ ಬೇರೆಬೇರೆ ಇಟ್ಟಾಗ ಫಲಿತಾಂಶಗಳು ಹೆಚ್ಚು ಪುನರಾವರ್ತನೆಗೊಂಡವು ಎಂದು ತೋರಿಸಿದರು. ತೀರಾ ಏಕರೂಪವಾದ ಪ್ರಯೋಗ ತನ್ನ ಕೋಣೆಯ ಬಗ್ಗೆ ಮಾತ್ರ ನಿಖರವಾಗಿ ಹೇಳುತ್ತದೆ. ನಮ್ಮ ಪಿಎಚ್‌ಡಿ ಸಮಿತಿಗಳಲ್ಲಿ ಈ ಅಂಶ ಚರ್ಚೆಗೇ ಬರುವುದಿಲ್ಲ ಎಂಬ ಸಂಕಟ ನನಗಿದೆ.

ಮಾರ್ಗದರ್ಶಕರಲ್ಲಿ ಒಂದು ವಿನಂತಿ. ವಿದ್ಯಾರ್ಥಿ ಮೊದಲ ಕುಂಡಕ್ಕೆ ಮಣ್ಣು ತುಂಬುವ ಮುನ್ನ ಪ್ರಾಯೋಗಿಕ ಘಟಕ ಯಾವುದು, ಅಂಥವು ಎಷ್ಟು, ಯಾವುದಕ್ಕೆ ಯಾವ ಉಪಚಾರ ಎಂದು ಹೇಗೆ ಗೊತ್ತುಮಾಡಲಾಯಿತು ಎಂಬುದನ್ನು ಲ್ಯಾಬ್ ಪುಸ್ತಕದಲ್ಲಿ ಬರೆಯಿಸಿ, ದಿನಾಂಕ ಹಾಕಿ ಸಹಿ ಮಾಡಿ.