ದೀಪ ಹಿಡಿದವಳಿಗೆ ಗುರುತು ಕೊಟ್ಟವರು

ನರ್ಸಿಂಗ್ ಕಾಲೇಜಿಗೆ ಸೇರಿದ ಹೊಸಬರಿಗಾಗಿ ಒಂದು ಸಮಾರಂಭ ನಡೆಯುವುದುಂಟು. ಸಮವಸ್ತ್ರ ತೊಟ್ಟ ವಿದ್ಯಾರ್ಥಿನಿಯರು (ಈಗ ಹುಡುಗರೂ ಇದ್ದಾರೆ) ಸಾಲಾಗಿ ನಿಂತು, ಕೈಯಲ್ಲಿ ದೀಪ ಹಿಡಿದು ನೈಟಿಂಗೇಲ್ ಪ್ರತಿಜ್ಞೆಯನ್ನು ಒಕ್ಕೊರಲಿನಿಂದ ಹೇಳುತ್ತಾರೆ. ನಿನ್ನೆಯವರೆಗೆ ಪಿಯುಸಿ ಹುಡುಗಿಯಾಗಿದ್ದವಳು ವಾರ್ಡಿನಲ್ಲಿ ‘ಸಿಸ್ಟರ್’ ಎನಿಸಿಕೊಳ್ಳುವುದು ಇಲ್ಲಿಂದಲೇ.

ಕುತೂಹಲದ ಸಂಗತಿಯೆಂದರೆ, ಆ ಪ್ರತಿಜ್ಞೆಯನ್ನು ಫ್ಲಾರೆನ್ಸ್ ನೈಟಿಂಗೇಲ್ ಬರೆದದ್ದಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಫ್ಯಾರಂಡ್ ತರಬೇತಿ ಶಾಲೆಯಲ್ಲಿ ಲಿಸ್ಟ್ರಾ ಗ್ರೆಟರ್ ನೇತೃತ್ವದ ಸಮಿತಿಯೊಂದು, ವೈದ್ಯರ ಹಿಪೊಕ್ರೆಟಿಸ್ ಪ್ರತಿಜ್ಞೆಯ ಮಾದರಿಯಲ್ಲಿ ಅದನ್ನು ರಚಿಸಿ, ಗೌರವಾರ್ಥವಾಗಿ ಆಕೆಯ ಹೆಸರಿಟ್ಟಿತು. ಚಿತ್ರಗಳಲ್ಲಿ ಕಾಣುವ ಹಣತೆಯಾಕಾರದ ದೀಪವೂ ಕಲಾವಿದರ ಕಲ್ಪನೆಯೇ. ಕ್ರಿಮಿಯಾ ಯುದ್ಧಕಾಲದಲ್ಲಿ ಸ್ಕುಟಾರಿ ಆಸ್ಪತ್ರೆಯಲ್ಲಿ ಬಳಕೆಯಲ್ಲಿದ್ದುದು ಮಡಿಚಿಡಬಹುದಾದ ಟರ್ಕಿ ಲಾಂದ್ರ.

ನೈಟಿಂಗೇಲ್ ನಿಜವಾಗಿ ಕಟ್ಟಿದ್ದು ಒಂದು ಶಾಲೆಯನ್ನು. ಅದಕ್ಕೆ ಮೊದಲು ಇಂಗ್ಲೆಂಡಿನಲ್ಲಿ ದಾದಿಯೆಂದರೆ ಜನರ ಕಣ್ಣ ಮುಂದೆ ಬರುತ್ತಿದ್ದವಳು ಡಿಕನ್ಸನ ಕಾದಂಬರಿಯ ಸೈರಿ ಗ್ಯಾಂಪ್: ಕುಡುಕಿ, ಕೊಳಕಿ, ರೋಗಿಯ ಪಾಲಿನದನ್ನೂ ಬಿಡದವಳು. 1843-44ರಲ್ಲಿ ಬಂದ ಈ ಪಾತ್ರ ಎಲ್ಲ ದಾದಿಯರ ವಿಷಯದಲ್ಲೂ ನ್ಯಾಯವಾದುದಲ್ಲ. ಆದರೆ ಹೆಸರು ಒಮ್ಮೆ ಕೆಟ್ಟರೆ ತೊಳೆಯುವುದು ಕಷ್ಟ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಹಿರಿಯ ಶಸ್ತ್ರವೈದ್ಯ ಜಾನ್ ಫ್ಲಿಂಟ್ ಸೌತ್, ದಾದಿಯರು ಮನೆಗೆಲಸದವರ ಸ್ಥಾನದಲ್ಲಿರುವವರು, ಅವರಿಗೆ ವಿಶೇಷವಾಗಿ ಕಲಿಸುವಂಥದ್ದೇನೂ ಇಲ್ಲ ಎಂದೇ ವಾದಿಸಿದ್ದ. 1860ರಲ್ಲಿ ನೈಟಿಂಗೇಲಳ ಶಾಲೆ ಆರಂಭವಾದದ್ದು ಅದೇ ಆಸ್ಪತ್ರೆಯಲ್ಲಿ! ಜನರು ಕೊಟ್ಟ ಸುಮಾರು 45,000 ಪೌಂಡುಗಳ ನಿಧಿ ಅದರ ಬೆನ್ನಿಗಿತ್ತು.

ಅಭ್ಯರ್ಥಿಗಳಿಗೆ ಒಂದು ವರ್ಷದ ತರಬೇತಿ. ವಾಸ ಆಸ್ಪತ್ರೆಯಲ್ಲೇ, ಉಡುಪು, ಓಡಾಟ ಎಲ್ಲಕ್ಕೂ ಕಟ್ಟುಪಾಡು. ಪ್ರತಿಯೊಬ್ಬಳ ಬಗೆಗೂ ಮೇಟ್ರನ್ ಶ್ರೀಮತಿ ವಾರ್ಡ್‌ರೋಪರ್ ಒಂದು ನಮೂನೆಯನ್ನು ಭರ್ತಿ ಮಾಡುತ್ತಿದ್ದಳು. ಗಾಯಕ್ಕೆ ಪಟ್ಟಿ ಕಟ್ಟುವುದು, ರೋಗಿಯನ್ನು ಗಮನಿಸುವುದು ಮೊದಲಾದ ಕೆಲಸಗಳಿಗೆ ಅದರಲ್ಲಿ ಒಂದು ಭಾಗ. ಸಮಯಪಾಲನೆ, ಮೌನ, ನಂಬಿಕಸ್ತಿಕೆ, ಶುಚಿತ್ವಗಳಿಗೆ ಇನ್ನೊಂದು. ಕೆಲಸ ಬಲ್ಲವಳಾದರೆ ಸಾಲದು, ನಡತೆಯೂ ನೆಟ್ಟಗಿರಬೇಕು. ಮರ್ಯಾದಸ್ತ ಮನೆತನಗಳು ಮಗಳನ್ನು ಆಸ್ಪತ್ರೆಗೆ ಕಳಿಸಲು ಧೈರ್ಯ ಮಾಡಿದ್ದರೆ ಈ ಎರಡನೆಯ ಭಾಗದ ಪಾಲು ಅದರಲ್ಲಿ ದೊಡ್ಡದು.

ಜಗಳ ಹುಟ್ಟಿದ್ದೂ ಅದರಿಂದಲೇ. ಎಥೆಲ್ ಬೆಡ್‌ಫರ್ಡ್ ಫೆನ್ವಿಕ್ ಎಂಬ ಇನ್ನೊಬ್ಬ ಮೇಟ್ರನ್, 1887ರಲ್ಲಿ ಬ್ರಿಟಿಷ್ ದಾದಿಯರ ಸಂಘವನ್ನು ಕಟ್ಟಿ ಹೊಸ ಬೇಡಿಕೆ ಮುಂದಿಟ್ಟಳು: ವೈದ್ಯರಿಗಿರುವಂತೆ ದಾದಿಯರಿಗೂ ನೋಂದಣಿ ಬೇಕು. ಇದನ್ನು ಬಲವಾಗಿ ವಿರೋಧಿಸಿದವಳು ನೈಟಿಂಗೇಲ್! ಪರೀಕ್ಷೆ ಅಳೆಯುವುದು ಪುಸ್ತಕದ ತಿಳಿವಳಿಕೆಯನ್ನು. ತಾಳ್ಮೆ, ಕರುಣೆಗಳಿಗೆ ಅಂಕ ಕೊಡುವವರಾರು ಎಂಬುದು ಆಕೆಯ ವಾದದ ತಿರುಳು. ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಅರ್ಹತೆ ಮೇಟ್ರನ್ನಳ ಮೆಚ್ಚುಗೆಯೊಂದನ್ನೇ ನೆಚ್ಚಿಕೊಂಡಿದ್ದರೆ, ಆ ಆಸ್ಪತ್ರೆಯ ಗೋಡೆ ದಾಟಿದೊಡನೆ ದಾದಿಗೆ ನೆಲೆ ಏನು? ಈ ಪ್ರಶ್ನೆಗೆ ನೈಟಿಂಗೇಲ್ ಪಕ್ಷದವರಲ್ಲಿ ಸಮಾಧಾನಕರ ಉತ್ತರವಿರಲಿಲ್ಲ. 1910ರಲ್ಲಿ ನೈಟಿಂಗೇಲ್ ತೀರಿಕೊಂಡಳು. 1919ರಲ್ಲಿ ನೋಂದಣಿ ಕಾಯ್ದೆ ಬಂತು. ಪಟ್ಟಿಯಲ್ಲಿ ಮೊದಲ ಕ್ರಮಾಂಕದ ಹೆಸರು ಫೆನ್ವಿಕ್‌ಳದು.

ಇಷ್ಟಾದರೂ ಹೊಸ ದಾದಿಗೆ ಕಲಿಸುತ್ತಿದ್ದ ಮೊದಲ ಪಾಠ ವಿಧೇಯತೆಯೇ. 1893ರ ಪ್ರತಿಜ್ಞೆಯಲ್ಲಿ ವೈದ್ಯನಿಗೆ ನಿಷ್ಠೆಯಿಂದ ನೆರವಾಗುವ ಮಾತಿದೆ. ಅಂತರರಾಷ್ಟ್ರೀಯ ದಾದಿಯರ ಮಂಡಳಿಯ 1953ರ ನೀತಿಸಂಹಿತೆಯೂ ವೈದ್ಯರ ಆದೇಶ ಪಾಲನೆಯನ್ನು ಕರ್ತವ್ಯವೆಂದೇ ಸಾರಿತ್ತು. ವೈದ್ಯರು ಬರೆದ ಔಷಧದ ಪ್ರಮಾಣ ತಪ್ಪೆಂದು ಕಿರಿಯ ದಾದಿಗೆ ಅನ್ನಿಸಿದರೆ ಆಕೆ ಬಾಯಿ ಬಿಡಬೇಕೆ, ಸುಮ್ಮನಿರಬೇಕೆ? ರೋಗಿಯ ಪ್ರಾಣವೇ ಈ ಪ್ರಶ್ನೆಯ ಮೇಲೆ ನಿಂತಿರಬಹುದು. 1973ರಲ್ಲಿ ಸಂಹಿತೆಯನ್ನು ತಿದ್ದಿದಾಗ ಆದೇಶಪಾಲನೆಯ ಮಾತನ್ನು ಕೈಬಿಟ್ಟು, ದಾದಿಯ ಮೊದಲ ಹೊಣೆ ಶುಶ್ರೂಷೆ ಬೇಕಾದವರ ಕಡೆಗೆ ಎಂದು ಬರೆಯಲಾಯಿತು. ಅಷ್ಟು ಬರೆಯಲು ಇಪ್ಪತ್ತು ವರ್ಷ ಬೇಕಾಯಿತು.

ನಮ್ಮಲ್ಲಿ ಕಥೆ ಇನ್ನೂ ಬಿಗಿ. ಅನ್ಯರ ಮೈ ಮುಟ್ಟುವ, ಮಲಮೂತ್ರ ಬಳಿಯುವ, ರಾತ್ರಿ ಪಾಳಿಯ ಕೆಲಸವೆಂದರೆ ಮಡಿ-ಮೈಲಿಗೆಯ ಸಮಾಜ ಮೂಗು ಮುರಿಯಿತು. ಮಿಷನ್ ಆಸ್ಪತ್ರೆಗಳಲ್ಲಿ ಕಲಿತ ಕ್ರೈಸ್ತ ಹೆಣ್ಣುಮಕ್ಕಳೇ ಬಹುಕಾಲ ಈ ವೃತ್ತಿಯ ಭಾರ ಹೊತ್ತರು. 1908ರಲ್ಲಿ ಭಾರತದ ತರಬೇತಾದ ದಾದಿಯರ ಸಂಘ ಹುಟ್ಟಿತು. ಪದವಿ ಶಿಕ್ಷಣ 1946ರಲ್ಲಿ ದೆಹಲಿ ಮತ್ತು ವೆಲ್ಲೂರಿನಲ್ಲಿ ಆರಂಭವಾಯಿತು; ಮರುವರ್ಷ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಬಂತು. 2016ರಲ್ಲಿ ಕೇಂದ್ರ ಸರ್ಕಾರ ತನ್ನ ಆಸ್ಪತ್ರೆಗಳ ‘ಸ್ಟಾಫ್ ನರ್ಸ್’ ಹುದ್ದೆಗೆ ‘ನರ್ಸಿಂಗ್ ಆಫೀಸರ್’ ಎಂಬ ಹೆಸರು ಕೊಟ್ಟಿತು, ಕನ್ನಡದಲ್ಲಿ ಶುಶ್ರೂಷಾಧಿಕಾರಿ.

ವಾರ್ಡಿನಲ್ಲಿ ಮಾತ್ರ ಇಂದಿಗೂ ಕೇಳುವುದು ‘ಸಿಸ್ಟರ್’ ಎಂಬ ಕೂಗೇ. ಲಂಡನ್ನಿನ ಹಳೆಯ ಆಸ್ಪತ್ರೆಗಳು ಕ್ರೈಸ್ತ ಮಠಗಳ ಆಶ್ರಯದಲ್ಲಿದ್ದ ಕಾಲದ ಪದವದು. ಮಠಗಳು ಹೋದವು, ವಾರ್ಡಿನ ಮೇಲ್ವಿಚಾರಕಿಗೆ ಹೆಸರು ಉಳಿಯಿತು. ಹಡಗು ಹತ್ತಿ ಇಲ್ಲಿಗೂ ಬಂತು. ಗಂಡು ನರ್ಸ್ ಬಂದಾಗ ನಮ್ಮ ರೋಗಿಗಳು ಹೆಚ್ಚು ಯೋಚಿಸಲಿಲ್ಲ. ಆತನನ್ನು ‘ಬ್ರದರ್’ ಎಂದು ಕರೆದರು.