ಅಬ್ಬಾಸ್ ಮಿರ್ಜಾ: ಎರವಲು ತಂದ ಸೈನ್ಯ, ಕೈಗೆಟುಕದ ಸಿಂಹಾಸನ

ಪರ್ಷಿಯಾದ ಸೇನಾ ಸುಧಾರಣೆ ಅಂದ ಕೂಡಲೇ ಬರುವ ಹೆಸರು ಅಬ್ಬಾಸ್ ಮಿರ್ಜಾ (1789–1833). ಕಾಜಾರ್ ದೊರೆ ಫತ್ ಅಲಿ ಷಾನ ಮಗ. ಅಣ್ಣನೊಬ್ಬನಿದ್ದರೂ, ತಾಯಿ ಕಾಜಾರ್ ಕುಲದವಳಾಗಿದ್ದರಿಂದ ಯುವರಾಜ ಪಟ್ಟ ಇವನಿಗೆ ಸಿಕ್ಕಿತು. ತಬ್ರಿಜ್‌ನಿಂದ ಆಳುತ್ತಿದ್ದ ಅಜರ್‌ಬೈಜಾನ್ ಪ್ರಾಂತ್ಯದ ಆಚೆಗೇ ರಷ್ಯಾ ಇತ್ತು.

1804ರಲ್ಲಿ ಯುದ್ಧ ಶುರುವಾಯಿತು. ಬುಡಕಟ್ಟುಗಳ ಕುದುರೆ ಸವಾರರು ರಷ್ಯಾದ ಫಿರಂಗಿಗಳೆದುರು ನಿಲ್ಲಲಿಲ್ಲ. ಆಗ ಇವನು 'ನಿಜಾಮ್-ಎ-ಜದೀದ್', ಅಂದರೆ 'ಹೊಸ ವ್ಯವಸ್ಥೆ' ಕಟ್ಟಿದ: ಯುರೋಪಿನ ಕವಾಯತು ಕಲಿತ ಕಾಲಾಳು ಪಡೆ, ತಬ್ರಿಜ್‌ನಲ್ಲೇ ಫಿರಂಗಿ ಎರಕ. 1811 ಮತ್ತು 1815ರಲ್ಲಿ ವಿದ್ಯಾರ್ಥಿಗಳನ್ನು ಇಂಗ್ಲೆಂಡಿಗೆ ಕಳಿಸಿದ. ಅವರಲ್ಲೊಬ್ಬನಾದ ಮಿರ್ಜಾ ಸಾಲೇಹ್ ಮುಂದೆ ಇರಾನಿನ ಮೊದಲ ಪತ್ರಿಕೆ ತಂದ.

ಹಾಗಾದರೆ ಎಡವಿದ್ದೆಲ್ಲಿ? ಎಂಜಿನಿಯರಿಂಗ್ ಓದಿದ ನನಗೆ ಕಾಣುವುದು ಇಷ್ಟು: ಯಂತ್ರ ನಮ್ಮದು, ಆದರೆ ಸ್ವಿಚ್ಚು ಇನ್ನೊಬ್ಬರ ಕೈಲಿ. 1807ರ ಮೇನಲ್ಲಿ ನೆಪೋಲಿಯನ್ ಜತೆ ಒಪ್ಪಂದವಾಯಿತು. ಜುಲೈನಲ್ಲಿ ಅವನು ರಷ್ಯಾ ಜತೆಯೇ ರಾಜಿಯಾದ. ತರಬೇತಿ ಕೊಡಬೇಕಿದ್ದ ಫ್ರೆಂಚರು ಟೆಹರಾನ್ ತಲುಪಿದ್ದು ಅದಾದ ಮೇಲೆ! 1810ರಲ್ಲಿ ಬ್ರಿಟಿಷರ ಸರದಿ. ಶ್ರೀರಂಗಪಟ್ಟಣದ 1799ರ ಮುತ್ತಿಗೆಯಲ್ಲಿದ್ದ ಜಾನ್ ಮಾಲ್ಕಮ್, ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳನ್ನು ಕರೆತಂದ. 1812ರಲ್ಲಿ ಬ್ರಿಟನ್ನೂ ರಷ್ಯಾದ ಮಿತ್ರನಾಯಿತು, ಹೆಚ್ಚಿನ ಅಧಿಕಾರಿಗಳು ವಾಪಸಾದರು. ಉಳಿದವರಲ್ಲಿ ಕ್ರಿಸ್ಟಿ ಎಂಬಾತ ಅಸ್ಲಾಂದೂಜ್ ಕದನದಲ್ಲಿ ಸತ್ತ. ಪರ್ಷಿಯಾ ಸೋತಿತು. 1813ರ ಗುಲಿಸ್ತಾನ್ ಒಪ್ಪಂದದಲ್ಲಿ ಜಾರ್ಜಿಯಾ, ದಾಗೆಸ್ತಾನ್, ಬಾಕು ಕೈಬಿಟ್ಟವು.

ಸೈನ್ಯ ಪೂರ್ತಿ ದಂಡವೇನೂ ಅಲ್ಲ, 1821ರಲ್ಲಿ ಆಟೋಮನ್ನರನ್ನು ಅದು ಸೋಲಿಸಿತು. ಆದರೆ 1826ರಲ್ಲಿ ಮತ್ತೆ ರಷ್ಯಾ ಮೇಲೆ ಬಿದ್ದು ತಬ್ರಿಜ್ ನಗರವನ್ನೇ ಕಳೆದುಕೊಂಡರು. 1828ರ ತುರ್ಕ್‌ಮೆಂಚಾಯ್ ಒಪ್ಪಂದದಿಂದ ತಬ್ರಿಜ್ ವಾಪಸ್ ಬಂತು. ಎರಿವಾನ್, ನಖ್‌ಚಿವಾನ್ ಹೋದವು, ಮೇಲೆ 2 ಕೋಟಿ ರೂಬಲ್ ದಂಡ. ಅದೇ ಒಪ್ಪಂದದ 7ನೇ ವಿಧಿ ಓದಿ: ಅಬ್ಬಾಸ್ ಮಿರ್ಜಾನೇ ಉತ್ತರಾಧಿಕಾರಿ ಎಂದು ರಷ್ಯಾ ಒಪ್ಪಿಕೊಂಡಿತು. ಜೀವನವಿಡೀ ಯಾರ ವಿರುದ್ಧ ಸೈನ್ಯ ಕಟ್ಟಿದನೋ, ಅವರೇ ಅವನ ಪಟ್ಟಕ್ಕೆ ಜಾಮೀನು!

ಆ ಪಟ್ಟವೂ ಸಿಗಲಿಲ್ಲ. 1833ರಲ್ಲಿ ಮಶ್ಹದ್‌ನಲ್ಲಿ ತೀರಿಕೊಂಡ. ಮರುವರ್ಷ ತಂದೆ ಸತ್ತಾಗ ದೊರೆಯಾದದ್ದು ಇವನ ಮಗ ಮೊಹಮ್ಮದ್. ಹೊರಗಿನಿಂದ ಶಸ್ತ್ರ, ತಂತ್ರಜ್ಞಾನ ತರುವ ಯಾವ ದೇಶವನ್ನಾದರೂ ಇವತ್ತು ಕೇಳಬೇಕಾದ ಪ್ರಶ್ನೆ ಒಂದೇ: ಕಲಿಸುವವನು ನಾಳೆ ಎದ್ದು ಹೋದರೆ ನಡೆಸುವವರು ಯಾರು?